ಮಕ್ಕಳ ಗೋಡೆಗೆ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಂದೆ ಸರಿಯುತ್ತಿದ್ದಂತೆ ಗೋಡೆಯ ಪತ್ರಗಳು ಶುರುವಾಗುತ್ತವೆ. ಈ ಸಲ ಮುಂಬೈ, ಪುಣೆ, ಗೋವಾದಿಂದ ಬಂದವುಗಳಲ್ಲಿ ಹೆಚ್ಚಿನವು ಮಕ್ಕಳ ಜಾಗಗಳದ್ದು. ಬಾಲವಾಡಿ, ಶಾಲೆಯ ಜಗುಲಿ, ಕಟ್ಟಡ ಕೆಲಸದ ಕಡೆಯ ಶೆಡ್ಡು. ಆದ್ದರಿಂದ ಇಡೀ ಅಂಕಣ ಅದಕ್ಕೇ ಕೊಟ್ಟಿದ್ದೇನೆ. ಮಕ್ಕಳ ಗೋಡೆ ಬರೆಯುವುದೇ ನನ್ನ ಕೆಲಸ, ಹಾಗಾಗಿ ಕೆಲವು ಕಡೆ ಉತ್ತರ ಉದ್ದವಾಗಿದೆ.

ಪ್ರಶ್ನೆ: ನಮ್ಮ ಸೊಸೈಟಿಯ ನೆಲಮಹಡಿಯ ಕೋಣೆಯಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಒಂದು ಗೋಡೆಗೆ ದೊಡ್ಡ ಚಿತ್ರ ಬರೆಯುವ ಆಸೆ. 12 ಅಡಿ ಅಗಲ, 9 ಅಡಿ ಎತ್ತರ. ಆದರೆ ಮಳೆಗಾಲದಲ್ಲಿ ಕೆಳಗಡೆ ಬಣ್ಣ ಉಬ್ಬಿ ಉದುರುತ್ತದೆ. ದಪ್ಪಗೆ ಪುಟ್ಟಿ ಹಾಕಿ ಬರೆದರೆ ಆಗುವುದಿಲ್ಲವೇ? ದೀಪಾವಳಿಯೊಳಗೆ ಮುಗಿಯಬೇಕು. — ಡೊಂಬಿವಲಿಯ ಓದುಗರು

ಉತ್ತರ: ಆಗುವುದಿಲ್ಲ. ಪುಟ್ಟಿ ಹಾಕಿದರೆ ಮುಂದಿನ ಜುಲೈನಲ್ಲಿ ಪುಟ್ಟಿಯ ಸಮೇತ ಉದುರುತ್ತದೆ. ಬಣ್ಣ ಉಬ್ಬುವುದಕ್ಕೆ ಕಾರಣ ಬಣ್ಣದಲ್ಲಿಲ್ಲ, ಗೋಡೆಯೊಳಗಿನ ನೀರಿನಲ್ಲಿದೆ. ಇಟ್ಟಿಗೆ, ಸಿಮೆಂಟು, ಮರಳಿನಲ್ಲಿರುವ ಉಪ್ಪನ್ನು ನೀರು ಕರಗಿಸಿಕೊಂಡು ಗೋಡೆಯ ಮೈಗೆ ತರುತ್ತದೆ, ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಹರಳಾಗಿ ಬೆಳೆದು ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಬಿಳಿ ಪುಡಿ ಕಾಣಿಸುತ್ತದಲ್ಲ, ಅದೇ ಆ ಉಪ್ಪು.

ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಹನಿ ಕೂತಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯದ್ದು, ಕಿಟಕಿ ತೆರೆದು ಫ್ಯಾನು ಹಾಕಿದರೆ ಸಾಕು. ಒಳಗಿನ ತೇವವಾದರೆ ಮೂಲ ಹುಡುಕಲೇಬೇಕು. ಆ ಗೋಡೆಯ ಹಿಂದೆ ಯಾರದಾದರೂ ಬಾತ್‌ರೂಮ್ ಇದೆಯಾ? ಹೊರಗೆ ಗಿಲಾವು ಬಿರುಕು ಬಿಟ್ಟಿದೆಯಾ? ಮಳೆನೀರಿನ ಪೈಪು ಅಲ್ಲೇ ಇಳಿಯುತ್ತದೆಯಾ? ಇದು ಕಮಿಟಿಯ ಖರ್ಚು, ಚಿತ್ರದ ಖರ್ಚಲ್ಲ. ಮೊದಲೇ ಅಲ್ಲಿ ಮಾತಾಡಿ.

ಮೂಲ ಸರಿಹೋದ ಮೇಲೆ ಸಡಿಲ ಬಣ್ಣ ಪೂರ್ತಿ ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಡೊಳ್ಳು ಸದ್ದು ಬಂದ ಕಡೆ ಗಿಲಾವು ಬಿಟ್ಟಿದೆ ಎಂದರ್ಥ, ಅಷ್ಟನ್ನು ಕಿತ್ತು ಹೊಸದು ಹಾಕಿಸಬೇಕು. ಹೊಸ ಗಿಲಾವಿಗೆ 28 ದಿನ ಬಿಟ್ಟು ಬಣ್ಣ. ಅದಕ್ಕೆ ಮುಂಚೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದುಬಿಡುತ್ತದೆ. ಇನ್ನು ಹಳೇ ಬಣ್ಣ ಡಿಸ್ಟೆಂಪರ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಿದರೆ ಅದರ ಮೇಲೆ ಏನೂ ನಿಲ್ಲುವುದಿಲ್ಲ, ಅದನ್ನೂ ತೆಗೆಯಬೇಕು.

ಒಂದು ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮದು ಹಳೇ ಕಟ್ಟಡವಾಗಿ, ಕೆಳಗಿನ ಮೂರು ಅಡಿಗೆ ಹಳೇ ಆಯಿಲ್ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ಹಳದಿ, ಕಿತ್ತಳೆ, ಕೆಂಪಿನಲ್ಲಿ ಜಾಸ್ತಿ. ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣವನ್ನು ಒಣ ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಧೂಳು ಕೋಣೆ ತುಂಬುತ್ತದೆ, ನೆಲದ ಮೇಲೆ ಆಡುವ ಮಗು ಕೈಯನ್ನು ಬಾಯಿಗಿಡುತ್ತದೆ, ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ನೀರು ಚಿಮುಕಿಸುತ್ತಾ ಒದ್ದೆಯಲ್ಲೇ ಉಜ್ಜಿಸಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ಕೆಲಸ ಮುಗಿದ ಮೇಲೆ ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಅಷ್ಟೂ ದಿನ ಮಕ್ಕಳು ಒಳಗೆ ಬರಬಾರದು.

ಸಾಮಾನಿನ ಲೆಕ್ಕ ಹೀಗೆ. ನಿಮ್ಮ ಗೋಡೆ 108 ಚದರ ಅಡಿ. ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಶನ್ ಒಂದು ಕೋಟಿನಲ್ಲಿ ಸುಮಾರು 120ರಿಂದ 140 ಚದರ ಅಡಿ ಹಿಡಿಯುತ್ತದೆ. ಅಂದರೆ ನೀರಿನ ಪ್ರೈಮರ್ ಒಂದು ಲೀಟರ್, ಹಿನ್ನೆಲೆಯ ಎರಡು ಕೋಟಿಗೆ ಎರಡು ಲೀಟರ್. ಚಿತ್ರಕ್ಕೆ ಇಪ್ಪತ್ತು ಡಬ್ಬಿ ಕೊಳ್ಳಬೇಡಿ. ಬಿಳಿ ಜಾಸ್ತಿ ತನ್ನಿ, ಜೊತೆಗೆ ಹಳದಿ, ಕೆಂಪು, ನೀಲಿ, ಕಪ್ಪು, ಕಾವಿ ಕೆಂಪಿನ ಚಿಕ್ಕ ಡಬ್ಬಿ. ಉಳಿದ ಬಣ್ಣವೆಲ್ಲ ಇವುಗಳಿಂದಲೇ ಹುಟ್ಟುತ್ತವೆ, ಒಂದಕ್ಕೊಂದು ಹೊಂದಿಕೊಂಡೂ ಇರುತ್ತವೆ. ಬಣ್ಣ ಗಾಢ ಮಾಡುವ ಸ್ಟೈನರ್ ಟ್ಯೂಬನ್ನು ಮಾತ್ರ ಹಿಡಿತದಲ್ಲಿ ಹಾಕಿ. ಅದು ಜಾಸ್ತಿಯಾದರೆ ಒಣಗಿದ ಮೇಲೂ ಬಣ್ಣ ಕೈಗೆ ಬರುತ್ತದೆ.

ದೀಪಾವಳಿ ವಿಷಯ. ಗೋಡೆ ಒಣಗದಿದ್ದರೆ ಆ ದಿನಕ್ಕೆ ಮುಗಿಸಬೇಡಿ. ಬೇರೆ ಗೋಡೆ ಹಿಡಿಯಿರಿ, ಇಲ್ಲವೇ ಮುಂದೆ ಪುಣೆಯವರಿಗೆ ಹೇಳಿದ ಹಲಗೆಯ ಉಪಾಯ ನೋಡಿ. ಚಿತ್ರ ಉದ್ಘಾಟನೆಯ ದಿನ ಒಂದು ಫೋಟೊದಲ್ಲಿರುತ್ತದೆ, ಮಕ್ಕಳ ಮುಂದೆ ವರ್ಷಗಟ್ಟಲೆ ಇರುತ್ತದೆ.

ಪ್ರಶ್ನೆ: ಬಾಲವಾಡಿ ನಡೆಸುತ್ತೇನೆ, 3ರಿಂದ 6 ವರ್ಷದ ಮಕ್ಕಳು. ಪೇಂಟರ್ ತೋರಿಸಿದ ಡಿಸೈನುಗಳಲ್ಲಿ ಬರೀ ಟೀವಿಯ ಕಾರ್ಟೂನ್ ಪಾತ್ರಗಳು, ಮೇಲೆ ಎಬಿಸಿಡಿ. ಯಾಕೋ ಮನಸ್ಸು ಒಪ್ಪುತ್ತಿಲ್ಲ. ಏನು ಬರೆಸಲಿ? — ನೆರೂಳಿನ ಓದುಗರು

ಉತ್ತರ: ನಿಮ್ಮ ಮನಸ್ಸು ಸರಿಯಾಗಿ ಹೇಳುತ್ತಿದೆ. ಆ ಪಾತ್ರಗಳಿಗೆ ಮಾಲೀಕರಿದ್ದಾರೆ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕೇಳದೆ ಬಳಸುವಂತಿಲ್ಲ. ಫೀಸು ತೆಗೆದುಕೊಳ್ಳುವ ಜಾಗದಲ್ಲಂತೂ ಬೇಡವೇ ಬೇಡ. ಆದರೆ ನನ್ನ ತಕರಾರು ಬೇರೆ. ಮಗು ಆ ಮುಖವನ್ನು ಮೊಬೈಲಿನಲ್ಲಿ ದಿನಾ ನೋಡುತ್ತದೆ. ಗೋಡೆಯಲ್ಲಿ ಅದು ಅಲುಗಾಡುವುದಿಲ್ಲ, ಮಾತಾಡುವುದಿಲ್ಲ, ಕೇಳುವುದಕ್ಕೆ ಏನನ್ನೂ ಕೊಡುವುದಿಲ್ಲ. ನಾಲ್ಕು ದಿನಕ್ಕೆ ಮಗು ಆ ಕಡೆ ನೋಡುವುದೇ ಬಿಟ್ಟುಬಿಡುತ್ತದೆ.

ಏನು ಬರೆಯಬೇಕು ಅನ್ನುವುದಕ್ಕೆ ಮೊದಲು ಎಲ್ಲಿ ಬರೆಯಬೇಕು ಅಂತ ನೋಡಿ. ಆ ಕೋಣೆಯಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್, ಆರು ವರ್ಷದ್ದು 115ರ ಆಸುಪಾಸು, ಕಣ್ಣು ಅದಕ್ಕಿಂತ ಅರ್ಧ ಗೇಣು ಕೆಳಗೆ. ಮಕ್ಕಳು ಅರ್ಧ ಹೊತ್ತು ನೆಲದಲ್ಲೇ ಕೂತಿರುತ್ತಾರೆ. ಅಂದರೆ ಒಂದು ಅಡಿಯಿಂದ ನಾಲ್ಕು ಅಡಿಯವರೆಗಿನ ಪಟ್ಟಿಯೇ ಅವರ ಗೋಡೆ. ನಮ್ಮ ಪೇಂಟರುಗಳು ಏನು ಮಾಡುತ್ತಾರೆ, ಚಂದದ್ದೆಲ್ಲ ಐದು ಅಡಿಯ ಮೇಲೆ ಬರೆದು ಕೆಳಗೆ ಒಂದೇ ಹಸಿರು ಹುಲ್ಲು ಬಳಿದುಬಿಡುತ್ತಾರೆ, ಯಾಕೆಂದರೆ ಅವರು ನಿಂತು ಬರೆಯುತ್ತಾರೆ, ದುಡ್ಡು ಕೊಡುವವರೂ ನಿಂತೇ ನೋಡುತ್ತಾರೆ. ನೀವು ಅದನ್ನು ತಿರುಗಿಸಿ. ಮೇಲೆ ಆಕಾಶ ಸಾಕು. ನೆಲದಂಚಿನಲ್ಲಿ ಸಾಲಾಗಿ ಹೋಗುವ ಇರುವೆ, ಎಲೆಯಡಿ ಬಸವನಹುಳು, ಗೂಡಿನಲ್ಲಿ ಎಣಿಸುವುದಕ್ಕೆ ಮೊಟ್ಟೆ. ಕೆಲವನ್ನು ಬಾಗಿಲ ಹಿಂದೆ, ಸ್ವಿಚ್ ಬೋರ್ಡಿನ ಕೆಳಗೆ ಅಡಗಿಸಿಡಿ. ಮಗು ಡಿಸೆಂಬರಿನಲ್ಲಿ ಹೊಸದೊಂದನ್ನು ಕಂಡುಹಿಡಿದು ಕೂಗಬೇಕು.

ವಿಷಯ ನಿಮ್ಮ ಊರಿನಲ್ಲೇ ಇದೆ. ನೆರೂಳಿನವರು ಪುಣ್ಯವಂತರು, ಚಳಿಗಾಲದಿಂದ ಮೇ ತನಕ ಫ್ಲೆಮಿಂಗೊಗಳು ಹತ್ತಿರದಲ್ಲೇ ಬಂದಿಳಿಯುತ್ತವೆ. ಥಾಣೆ ಖಾಡಿಯನ್ನು, ಅಂದರೆ ಅಲ್ಲಿನ ಸಮುದ್ರದ ಹಿನ್ನೀರನ್ನು, 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಮಾಡಿದರು, 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆ ಹಕ್ಕಿಯನ್ನು ಸರಿಯಾಗಿ ನೋಡಿ ಬರೆಯಿರಿ. ತಲೆಯನ್ನು ಕೆಳಗು ಮೇಲು ಮಾಡಿ ಕೊಕ್ಕಿನಲ್ಲಿ ನೀರು ಸೋಸಿ ತಿನ್ನುತ್ತದೆ. ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ, ಸಣ್ಣ ಜೀವಿಗಳಿಂದ, ಎಳೆಯ ಹಕ್ಕಿ ಬೂದು ಬಣ್ಣದಲ್ಲೇ ಇರುತ್ತದೆ. ಗುಂಪಿನ ನಡುವೆ ಎರಡು ಬೂದು ಹಕ್ಕಿ ಬರೆಯಿರಿ ಸಾಕು, "ಇದ್ಯಾಕೆ ಹೀಗೆ?" ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಜೊತೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಏಡಿ, ಮೀನು ದೋಣಿ, ಹಿಂದೆ ಹಾರ್ಬರ್ ಲೈನಿನ ಲೋಕಲ್. ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ನಿಜದ್ದನ್ನು ತೋರಿಸಬಹುದು, ಅಲ್ವಾ?

ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಪಾಲ್ಘರ್ ಕಡೆಯ ಬೋರ್ಡಿ ಎಂಬ ಊರಿಗೆ ಹೋಗಿ, ಅನುತಾಯಿ ವಾಘ್ ಜೊತೆ ಹಳ್ಳಿ ಮಕ್ಕಳ ಬಾಲವಾಡಿ ಕಟ್ಟಿದರು. ದುಬಾರಿ ಆಟದ ಸಾಮಾನಿನ ಬದಲು ಎಲೆ, ಬೀಜ, ಚಿಪ್ಪು, ಕಲ್ಲಿನಿಂದಲೇ ಪಾಠ. ಬಾಲವಾಡಿಯ ಗೋಡೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬಣ್ಣ ಕಣ್ಣಿಗೆ ಹೊಡೆಯುವುದು ಬೇಡ. ಮಕ್ಕಳೇ ಬಣ್ಣ ಬಣ್ಣದ ಬಟ್ಟೆ ಹಾಕಿಕೊಂಡು ಬರುತ್ತಾರೆ, ಆಟಿಕೆ, ಚೀಲ, ಚಾಪೆ ಎಲ್ಲಾ ಗಾಢ ಬಣ್ಣದ್ದೇ. ಹಿನ್ನೆಲೆ ತಿಳಿಯಾಗಿರಲಿ, ಮುಟ್ಟಿ ನೋಡುವಂಥದ್ದಕ್ಕೆ ಮಾತ್ರ ಗಾಢ ಬಣ್ಣ. ಇನ್ನೊಂದು ಗೋಡೆಯ ಕೆಳಗಿನ ಎರಡೂವರೆ ಅಡಿಗೆ ಕರಿಹಲಗೆ ಬಣ್ಣ ಹಚ್ಚಿ ಸೀಮೆಸುಣ್ಣ ಇಡಿ. ಅದು ಅವರೇ ಬರೆಯುವ ಜಾಗ.

ಪ್ರಶ್ನೆ: ಪುಣೆಯಲ್ಲಿ ದೊಡ್ಡ ಕಟ್ಟಡವೊಂದರ ಕೆಲಸ ನಡೆಯುವ ಕಡೆ, ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವ ಶೆಡ್ ಇದೆ. ಕಲಬುರಗಿ, ಯಾದಗಿರಿ ಕಡೆಯವರೇ ಹೆಚ್ಚು, ತೆಲುಗು, ಹಿಂದಿ ಮಕ್ಕಳೂ ಇದ್ದಾರೆ. ತಗಡಿನ ಗೋಡೆಗೆ ಆಯಿಲ್ ಪೇಂಟಿನಲ್ಲಿ ಚಿತ್ರ ಬರೆದೆವು. ಕೆಲವೇ ತಿಂಗಳಲ್ಲಿ ಹಾಳೆ ಹಾಳೆಯಾಗಿ ಎದ್ದು ಬಂತು. ಮುಂದಿನ ವರ್ಷ ಶೆಡ್ಡೇ ಬೇರೆ ಕಡೆ ಹೋಗುತ್ತದೆ. — ವಾಘೋಲಿಯ ಓದುಗರು

ಉತ್ತರ: ಆ ತಗಡಿನ ಮೇಲೆ ಸತುವಿನ ಲೇಪ ಇದೆ. ಸತು ಆಯಿಲ್ ಪೇಂಟಿನ ಎಣ್ಣೆಯ ಜೊತೆ ಸೇರಿ ಒಂದು ಬಗೆಯ ಸಾಬೂನಾಗುತ್ತದೆ, ಆ ಪದರದ ಮೇಲೆ ಬಣ್ಣಕ್ಕೆ ಹಿಡಿತವೇ ಇರುವುದಿಲ್ಲ. ತಗಡಿಗೇ ಬರೆಯಬೇಕೆಂದರೆ ಸೋಪು ನೀರಿನಲ್ಲಿ ಜಿಡ್ಡು ತೊಳೆದು, ಸಣ್ಣಗೆ ಉಜ್ಜಿ, ಸತುವಿನ ತಗಡಿಗೇ ಎಂದು ಮಾಡಿದ ಪ್ರೈಮರ್ ಹಚ್ಚಿ ಅದರ ಮೇಲೆ ನೀರಿನ ಅಕ್ರಿಲಿಕ್ ಬಣ್ಣ ಹಚ್ಚಿ.

ಆದರೆ ಶೆಡ್ ಹೋಗುತ್ತದೆ ಅಂತೀರಲ್ಲ, ಹಾಗಿದ್ದರೆ ತಗಡಿಗೆ ಬರೆಯಲೇಬೇಡಿ. ಹಲಗೆಗೆ ಬರೆಯಿರಿ. ನೀರು ತಡೆಯುವ ಪ್ಲೈವುಡ್, 4 ಅಡಿಗೆ 3 ಅಡಿಯ ತುಂಡುಗಳು, ಹಿಂದೆ ಮುಂದೆ ಅಂಚು ಎಲ್ಲಕ್ಕೂ ಪ್ರೈಮರ್ ಬೀಳಲಿ, ಅಂಚಿನಿಂದಲೇ ನೀರು ಒಳಗೆ ಹೋಗುವುದು. ಮೂಲೆಗಳನ್ನು ದುಂಡಗೆ ಉಜ್ಜಿ, ಸ್ಕ್ರೂ ತಲೆ ಒಳಗೆ ಕೂರಿಸಿ. ತಗಡಿನ ಕಬ್ಬಿಣದ ಚೌಕಟ್ಟಿಗೆ ಬಿಗಿದರೆ ಆಯಿತು. ಒಂದೊಂದು ಹಲಗೆಯೂ ಒಂದೊಂದು ಚಿತ್ರವಾಗಿ ನಿಲ್ಲಬೇಕು, ಪಕ್ಕ ಪಕ್ಕ ಇಟ್ಟರೆ ಕೂಡಿಕೊಳ್ಳಲೂಬೇಕು. ಒಂದು ದಾರಿ ಅಥವಾ ರೈಲು ಎಲ್ಲ ಹಲಗೆಗಳಲ್ಲೂ ಒಂದೇ ಎತ್ತರದಲ್ಲಿ ಹಾದುಹೋಗುವಂತೆ ಬರೆಯಿರಿ. ಹೊಸ ಜಾಗದ ಗೋಡೆ ಚಿಕ್ಕದಿದ್ದರೆ ಎರಡು ಕಮ್ಮಿ ಹಾಕಬಹುದು. ಶೆಡ್ ಬಿಚ್ಚಿದ ದಿನ ಹಲಗೆಗಳು ಟೆಂಪೊ ಹತ್ತಿ ಮಕ್ಕಳ ಜೊತೆಗೇ ಹೋಗುತ್ತವೆ. ಈ ಮಕ್ಕಳಿಗೆ ಊರು, ಶಾಲೆ, ಗೆಳೆಯರು ಎಲ್ಲಾ ಬದಲಾಗುತ್ತಲೇ ಇರುತ್ತದೆ. ಹೊಸ ಜಾಗದಲ್ಲಿ ಕಾಲಿಟ್ಟಾಗ ಗೊತ್ತಿರುವ ಚಿತ್ರವೊಂದು ಕಾದಿರುವುದು ಸಣ್ಣ ಮಾತಲ್ಲ.

ಚಿತ್ರವನ್ನು ಅವರ ತಾಯಂದಿರಿಂದ ಶುರು ಮಾಡಿ. ಕೆಲಸ ಬಿಟ್ಟು ಮಗುವನ್ನು ಕರೆದೊಯ್ಯಲು ಬರುತ್ತಾರಲ್ಲ, ಆಗ ಕೈಗೆ ಸೀಮೆಸುಣ್ಣ ಕೊಡಿ. ನಮ್ಮ ಕಡೆಯ ಹೆಂಗಸರು ಅಂಗಳದ ರಂಗೋಲಿಯಿಂದಲೇ ಗೆರೆ ಕಲಿತವರು, ಅಳತೆಪಟ್ಟಿ ಇಲ್ಲದೆ ಚುಕ್ಕಿ ಇಡುತ್ತಾರೆ. ಜೋಳದ ತೆನೆ, ತೊಗರಿ ಹೊಲ, ಎತ್ತು, ಆಡು, ಹುತ್ತ, ಏನು ಬರುತ್ತದೋ ಬರಲಿ. ಆ ಗೆರೆಯನ್ನು ತಿದ್ದಬೇಡಿ, ಅದರ ಮೇಲೇ ಬಣ್ಣ ತುಂಬಿ. ಭಾಷೆ ಬೇರೆ ಬೇರೆ ಇರುವ ಕಡೆ ಅಕ್ಷರ ಬರೆಯುವುದೂ ಬೇಡ. ಒಂದೇ ಮೇಕೆಗೆ ನಾಲ್ಕು ಭಾಷೆಯ ಹೆಸರು ಮಕ್ಕಳೇ ಹೇಳಿಕೊಳ್ಳಲಿ.

ಬೇಸಿಗೆಯಲ್ಲಿ ತಗಡಿನ ಶೆಡ್ ಕಾಯುತ್ತದೆ. ಚಿತ್ರಕ್ಕೆ ದುಡ್ಡು ಸಿಕ್ಕಿದ್ದರೆ ಅದರಲ್ಲಿ ಸ್ವಲ್ಪ ತೆಗೆದು ಮೊದಲು ಮೇಲ್ಛಾವಣಿಯ ಹೊರಮೈಗೆ ಬಿಳಿ ಬಣ್ಣ ಹಚ್ಚಿಸಿ. ಗುತ್ತಿಗೆದಾರರು ಜಾಗ ಕೊಡಲು ಗೊಣಗಿದರೆ ನೆನಪಿಸಿ: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡ ಕೆಲಸದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿರುವ ಕೋಣೆ ಕೊಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಯಾರ ದಯೆಯೂ ಅಲ್ಲ ಅದು.

ಪ್ರಶ್ನೆ: ಇಲ್ಲಿನ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯ ಜಗುಲಿ ಗೋಡೆಗೆ ಮಕ್ಕಳಿಂದಲೇ ಕಾವಿ ಕಲೆ ಮಾಡಿಸುವ ಯೋಚನೆ. ಚಿರೆಕಲ್ಲಿನ ಗೋಡೆ, ಸುಣ್ಣ ಬಳಿದಿದೆ. ಮಳೆ ಇರಚಲು ಹೊಡೆಯುತ್ತದೆ. — ವಾಸ್ಕೊದ ಓದುಗರು

ಉತ್ತರ: ಬಹಳ ಒಳ್ಳೆಯ ಯೋಚನೆ. ಕಾವಿ ಕಲೆ ಗೋವಾದ್ದೂ ಹೌದು, ನಮ್ಮ ಉತ್ತರ ಕನ್ನಡದ್ದೂ ಹೌದು. ಕೊಂಕಣ ಕರಾವಳಿಯ ಗುಡಿಗಳ ಗೋಡೆಯಲ್ಲಿ ಕಾಣುತ್ತೀರಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಚೂಪಾದ ಮೊನೆಯಿಂದ ಕೆರೆದು ಒಳಗಿನ ಬಿಳಿ ಕಾಣುವಂತೆ ಮಾಡುತ್ತಾರೆ. ಎರಡೇ ಬಣ್ಣ.

ಆದರೆ ಮಕ್ಕಳ ಕೈಗೆ ಸುಣ್ಣ ಕೊಡಬೇಡಿ. ಅರಳಿದ ಸುಣ್ಣವೂ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮಕ್ಕಳ ಪಾಲಿನ ಕೆಲಸ ಹೀಗೆ ಮಾಡಿ: ಒಂದು ಅಡಿ ಚೌಕದ ಸಿಮೆಂಟ್ ಬೋರ್ಡಿನ ತುಂಡುಗಳಿಗೆ ಮೊದಲೇ ಹೊರಗೋಡೆಯ ಬಿಳಿ ಎಮಲ್ಶನ್ ಹಚ್ಚಿ ಪೂರ್ತಿ ಒಣಗಿಸಿ. ಮಗುವಿನ ಮುಂದಿಟ್ಟು ಕಾವಿ ಕೆಂಪು ಬಳಿದು, ಹಸಿ ಇರುವಾಗಲೇ ಐಸ್‌ಕ್ರೀಮ್ ಕಡ್ಡಿಯಿಂದ ಕೆರೆಯಲು ಹೇಳಿ. ಎಮಲ್ಶನ್ ಬೇಗ ಒಣಗುತ್ತದೆ, ಒಮ್ಮೆಗೆ ಅಂಗೈ ಅಗಲ ಮಾತ್ರ ಬಳಿಯಿರಿ. ಐದನೇ ಕ್ಲಾಸಿನವರಿಗೆ ಕಂಪಾಸ್ ಕೊಟ್ಟರೆ ಆರು ಎಸಳಿನ ಹೂ ತಾನಾಗಿ ಬರುತ್ತದೆ, ಗಣಿತದ ಮೇಷ್ಟ್ರನ್ನೂ ಕರೆಯಿರಿ. ಒಣಗಿದ ಮೇಲೆ ಗೋಡೆಗೆ ಜೋಡಿಸಿ.

ಆ ಗೋಡೆಗೆ ಮಾತ್ರ ನೇರವಾಗಿ ಎಮಲ್ಶನ್ ಬೇಡ. ಪುಡಿ ಸುಣ್ಣದ ಮೇಲೆ ಅದು ನಿಲ್ಲುವುದಿಲ್ಲ, ಚಿರೆಕಲ್ಲಿನ ತೇವವೂ ಒಳಗೇ ಸಿಕ್ಕಿಬೀಳುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಸುಣ್ಣ ಉಸಿರಾಡುವ ಹೊದಿಕೆ, ಅದನ್ನು ಹಾಗೇ ಉಳಿಸಿಕೊಳ್ಳಿ. ಬಿಸಿಲಿನ ಚಿಂತೆ ಬೇಡ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡ್, ಅದು ಮಾಸುವುದಿಲ್ಲ. ಬಿಸಿಲಿಗೆ ಮೊದಲು ಸೋಲುವುದು ಗುಲಾಬಿ, ನೇರಳೆಯಂಥವು.

ಇನ್ನೊಂದು ಗೋಡೆಗೆ ಹಸೆ ಚಿತ್ತಾರ ಯೋಚಿಸಿ. ಸಾಗರ, ಸೊರಬದ ದೀವರ ಹೆಣ್ಣುಮಕ್ಕಳ ಕಲೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಪಕ್ಕದ ಮಹಾರಾಷ್ಟ್ರದ ವಾರ್ಲಿಯೂ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟೇ, ಬಿದಿರು ಕಡ್ಡಿ ಜಗಿದು ಮಾಡಿದ ಕುಂಚ. ಜಿವ್ಯಾ ಸೋಮ ಮಾಶೆಯವರಿಗೆ 2011ರಲ್ಲಿ ಪದ್ಮಶ್ರೀ ಬಂದದ್ದು ಆ ಕಲೆಗೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳು ಅರ್ಧ ದಿನ ಅಲ್ಲೇ ನಿಲ್ಲುತ್ತಾರೆ.

ಪ್ರಶ್ನೆ: ಪ್ರೊಜೆಕ್ಟರ್ ಇಲ್ಲದೆ ಚಿಕ್ಕ ಚಿತ್ರವನ್ನು ಗೋಡೆಗೆ ದೊಡ್ಡದು ಮಾಡುವುದು ಹೇಗೆ? — ಮಾಟುಂಗದ ಓದುಗರು

ಉತ್ತರ: ಚೌಕ ಹಾಕಿ. ಕಾಗದದಲ್ಲಿ ಒಂದು ಇಂಚು, ಗೋಡೆಯಲ್ಲಿ ಒಂದು ಅಡಿ. ಸೀಮೆಸುಣ್ಣದ ಪುಡಿ ಮೆತ್ತಿದ ದಾರ ಎಳೆದು ಚಿಮ್ಮಿದರೆ ಗೆರೆ ಮೂಡುತ್ತದೆ, ಆಮೇಲೆ ಒರೆಸಬಹುದು. ಬಾಲ್ ಪೆನ್, ಮಾರ್ಕರ್ ಮಾತ್ರ ಮುಟ್ಟಬೇಡಿ. ಎರಡು ಕೋಟು ಹಚ್ಚಿದರೂ ಶಾಯಿ ಮೇಲೆ ಬರುತ್ತದೆ.

ಪ್ರಶ್ನೆ: ಮಗಳ ಕೋಣೆಗೆ ಹೊರಗೋಡೆಯ ಬಣ್ಣ ಗಟ್ಟಿ ಅಂತ ಅದನ್ನೇ ಹಚ್ಚಿ, ಮೇಲೆ ಪಿಯು (ಪಾಲಿಯುರಿಥೇನ್) ಪಾಲಿಶ್ ಕೊಡಿ ಎನ್ನುತ್ತಾರೆ. ಸರಿಯೇ? — ಥಾಣೆಯ ಓದುಗರು

ಉತ್ತರ: ಎರಡೂ ಬೇಡ. ಹೊರಗೋಡೆಯ ಬಣ್ಣದಲ್ಲಿ ಪಾಚಿ, ಬೂಷ್ಟು ಕೊಲ್ಲುವ ರಾಸಾಯನಿಕ ಇರುತ್ತದೆ, ಮಲಗುವ ಕೋಣೆಗೆ ಅದಲ್ಲ. ಎರಡು ಡಬ್ಬಿ ಬೆರೆಸುವ ಪಿಯುನಲ್ಲಿ ಐಸೊಸಯನೇಟ್ ಇದೆ, ಹಚ್ಚುವಾಗ ಉಸಿರಾಟಕ್ಕೆ ಕೆಟ್ಟದ್ದು. ಒಳಗೋಡೆಯ ತೊಳೆಯಬಹುದಾದ ಎಮಲ್ಶನ್ ಹಚ್ಚಿ, ಕೈ ತಗಲುವ ಎತ್ತರದವರೆಗೆ ನೀರಿನ ಅಕ್ರಿಲಿಕ್ ಕ್ಲಿಯರ್ ಕೋಟ್ ಕೊಡಿ. ಕಿಟಕಿ ತೆರೆದಿಟ್ಟು, ವಾಸನೆ ಪೂರ್ತಿ ಹೋಗುವ ತನಕ ಮಗಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

ಪ್ರಶ್ನೆ: ನಾನು ಬರೆದ ಮಕ್ಕಳ ವಾಚನಾಲಯದ ಗೋಡೆಯನ್ನು ಕೇಳದೆಯೇ ಬಿಳಿ ಬಳಿದುಬಿಟ್ಟರು. ಬರೆದವರಿಗೆ ಯಾವ ಹಕ್ಕೂ ಇಲ್ಲವೇ? — ಮಡಗಾಂವಿನ ಓದುಗರು

ಉತ್ತರ: ಓದಿ ಬೇಸರವಾಯಿತು. ಹಕ್ಕು ಇದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಕೃತಿ ಮಾಡಿದವರ ಹಕ್ಕು ಕಾಯುವ ಕಾಪಿರೈಟ್ ಕಾಯ್ದೆಯ 57ನೇ ಕಲಮಿನ ಮೇಲೆ ಅವರ ಪರ ತೀರ್ಪು ಕೊಟ್ಟು, ಉಳಿದ ಭಾಗಗಳನ್ನು ವಾಪಸು ಕೊಡಿಸಿತು, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಆದರೆ ಅದಕ್ಕೆ ಹಿಡಿದ ವರ್ಷಗಳನ್ನು ನೋಡಿ. ಮುಂದಿನ ಕೆಲಸಕ್ಕೆ ಮೊದಲೇ ಒಂದು ಕಾಗದ ಬರೆಸಿಕೊಳ್ಳಿ: ಎಷ್ಟು ವರ್ಷ ಇಡುತ್ತಾರೆ, ಅಳಿಸುವ ಮುಂಚೆ ಎಷ್ಟು ದಿನದ ನೋಟೀಸು, ದುರಸ್ತಿ ಯಾರದ್ದು. ಮುಗಿದ ದಿನವೇ ಹಗಲು ಬೆಳಕಿನಲ್ಲಿ ಪೂರ್ತಿ ಗೋಡೆಯ ಫೋಟೊ ತೆಗೆದಿಡಿ.

ಪ್ರಶ್ನೆ: ಚಿತ್ರದ ಮೇಲೆ ಮಕ್ಕಳು ಕ್ರೇಯಾನಿನಲ್ಲಿ ಗೀಚುತ್ತಾರೆ. ಏನು ಮಾಡಲಿ? — ಚಿಂಚವಡದ ಓದುಗರು

ಉತ್ತರ: ಬೈಯಬೇಡಿ. ಕ್ರೇಯಾನು ಮೇಣ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಹಗುರವಾಗಿ ಉಜ್ಜಿದರೆ ಬಹಳಷ್ಟು ಹೋಗುತ್ತದೆ, ಜೋರಾಗಿ ಉಜ್ಜಿದರೆ ಚಿತ್ರವೂ ಹೋಗುತ್ತದೆ. ಪೂರ್ತಿ ಹೋಗದ ಕಡೆ ಹೊಸ ಬಣ್ಣ ಮುಟ್ಟಿಸಬೇಕು, ಆದ್ದರಿಂದ ಬೆರೆಸಿದ ಪ್ರತಿ ಬಣ್ಣದಲ್ಲೂ ಸ್ವಲ್ಪ ಉಳಿಸಿಡಿ. ಚಿಕ್ಕ ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ತುಂಬಿಸಿ, ಒಳಗೆ ಗಾಳಿ ಇದ್ದರೆ ಕೆನೆ ಕಟ್ಟುತ್ತದೆ. ಯಾವ ಬಣ್ಣ, ಗೋಡೆಯಲ್ಲಿ ಎಲ್ಲಿ ಹಚ್ಚಿದ್ದು ಅಂತ ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ.